ಲಗೇಜ್ ಇಳಿಸಿದ ದಿನ: ಬೈಕಿನಲ್ಲಿ ಹೊರಟ ಜೋಡಿಗೆ ಗೋಕರ್ಣ ಎಷ್ಟು ಸರಿ?

66ನೇ ನಂಬರಿನ ಕರಾವಳಿ ಹೆದ್ದಾರಿ ಹಿಡಿದು ಬೈಕಿನಲ್ಲಿ ಹೊರಟ ಗಂಡ ಹೆಂಡತಿ ನಡುವೆ ಒಂದು ದಿನ ಎಲ್ಲಿ ಸುಧಾರಿಸಿಕೊಳ್ಳಬೇಕು ಎಂದು ಕೇಳಿದರೆ ಮೊದಲು ಬರುವ ಹೆಸರು ಗೋಕರ್ಣ. ಸಲಹೆ ಅರ್ಧ ಸರಿ. ಗೋಕರ್ಣದ ಪೇಟೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗೋಕರ್ಣದ ಬೀಚು ಮಾತ್ರ ಬೈಕಿನವರು ತಂಗುವ ಜಾಗವಲ್ಲ. ಕುಡ್ಲೆ, ಓಂ ಬೀಚಿನ ಫೋಟೋ ನೋಡಿ ಅಲೆಯ ಪಕ್ಕದ ಗುಡಿಸಲನ್ನೇ ಬುಕ್ ಮಾಡಿದವರ ಬಿಡುವಿನ ದಿನ ಚೀಲ ಹೊರುವುದರಲ್ಲೇ ಮುಗಿಯುತ್ತದೆ.

ಜಾಗದ ಲೆಕ್ಕ ಚೆನ್ನಾಗಿದೆ. ಹೆದ್ದಾರಿಯಿಂದ ಪೇಟೆಗೆ ಸುಮಾರು 10 ಕಿಲೋಮೀಟರ್. ಪಣಜಿಯಿಂದ 150ರ ಆಸುಪಾಸು, ಮಂಗಳೂರಿನಿಂದ 235ರ ಆಸುಪಾಸು, ಬೆಂಗಳೂರಿನಿಂದ 480ರಷ್ಟು. ಅಂದರೆ ಯಾವ ಕಡೆಯಿಂದ ಬಂದರೂ ಸಂಜೆ ನಾಲ್ಕರೊಳಗೆ ತಲುಪುವ ಹಾಗೆ ಯೋಜನೆ ಹಾಕಬಹುದು. ಬಿಡುವಿನ ದಿನ ಎಂದರೆ ಎರಡು ರಾತ್ರಿ ಎಂದೇ ಲೆಕ್ಕ. ರಾತ್ರಿ ಒಂಬತ್ತಕ್ಕೆ ಬಂದು ಮಾರನೆಯ ದಿನ ಹನ್ನೊಂದಕ್ಕೆ ಕೋಣೆ ಖಾಲಿ ಮಾಡುವುದು ಬಿಡುವಲ್ಲ, ತಡವಾಗಿ ಎದ್ದದ್ದು ಅಷ್ಟೆ. ಡಿಸೆಂಬರ್ ಕೊನೆಯ ವಾರ, ಶಿವರಾತ್ರಿ, ಉದ್ದ ರಜೆಯ ವಾರಾಂತ್ಯ, ಈ ಮೂರರಲ್ಲಿ ಗೋಕರ್ಣ ಬೇಡವೇ ಬೇಡ. ಕೋಣೆ ದುಬಾರಿ ಎನ್ನುವುದು ಒಂದು ಕಡೆ, ಬೈಕ್ ನಿಲ್ಲಿಸಲು ಒಂದು ಮೊಳ ಜಾಗ ಸಿಗುವುದಿಲ್ಲ ಎನ್ನುವುದು ಇನ್ನೊಂದು ಕಡೆ.

ತಂಗುವ ಜಾಗದ ವಿಷಯಕ್ಕೆ ಬರೋಣ. ಕುಡ್ಲೆಯಲ್ಲಿ ಬೈಕ್ ಗುಡ್ಡದ ಮೇಲೆಯೇ ಉಳಿಯುತ್ತದೆ, ಚೀಲಗಳನ್ನು ಹೊತ್ತು ಕೆಳಗೆ ನಡೆಯಬೇಕು. ಓಂ ಬೀಚಿನಲ್ಲೂ ರಸ್ತೆ ಮೇಲೆಯೇ ಮುಗಿಯುತ್ತದೆ, ಮುಂದೆ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗಂತೂ ಕಾಲುದಾರಿ, ಇಲ್ಲವೇ ದೋಣಿ. ಇಬ್ಬರ ಎರಡು ಸ್ಯಾಡಲ್ ಬ್ಯಾಗ್, ಒಂದು ಟೇಲ್ ಬ್ಯಾಗ್, ಟ್ಯಾಂಕ್ ಬ್ಯಾಗ್, ಎರಡು ಹೆಲ್ಮೆಟ್, ಎರಡು ಜಾಕೆಟ್, ಇಷ್ಟನ್ನು ಬೂಟು ಹಾಕಿಕೊಂಡು ಇಳಿಸಿ, ಮರುದಿನ ಹತ್ತಿಸುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ನಿಂತ ಬೈಕಿಗೆ ನಲ್ಲಿ ನೀರೂ ಇಲ್ಲ, ನೆರಳೂ ಇಲ್ಲ, ರಾತ್ರಿಯಿಡೀ ಉಪ್ಪಿನ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಳಿನ ಮೇಲಿನ ಗುಡಿಸಲುಗಳು ಹೆಚ್ಚಿನವು ಮುಚ್ಚಿಯೇ ಇರುತ್ತವೆ.

ಪೇಟೆಯ ಕಡೆ, ಎಂದರೆ ರಥಬೀದಿಯಿಂದ ಒಂದೆರಡು ಓಣಿ ಒಳಗೆ ಅಥವಾ ಬಸ್ ನಿಲ್ದಾಣದ ಆಚೆ ತೋಟದ ಮನೆಗಳ ಕಡೆ ಇರುವ ಹೋಮ್‌ಸ್ಟೇ, ಲಾಡ್ಜುಗಳೇ ನಮ್ಮ ಆಯ್ಕೆ. ಫೋನಿನಲ್ಲಿ ಏಸಿ ಇದೆಯೇ, ವೈಫೈ ಇದೆಯೇ ಎಂದು ಕೇಳುವ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಬೈಕ್ ಗೇಟಿನ ಒಳಗೆ ಬರುತ್ತದೆಯೇ, ಮೇಲೆ ಮಾಡು ಇದೆಯೇ? ಅಂಗಳದಲ್ಲಿ ನಲ್ಲಿ ಇದೆಯೇ, ಎರಡು ಬಕೆಟ್ ನೀರು ಬಳಸಿದರೆ ಬೇಸರವಿಲ್ಲವೇ? ನಲ್ಲಿಯ ನೀರು ಸಿಹಿಯೋ ಸವುಳೋ? ಕಡಲ ಪಕ್ಕದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುವುದುಂಟು, ಸವುಳು ನೀರಿನಲ್ಲಿ ಬೈಕ್ ತೊಳೆದರೆ ತೊಳೆಯದೆ ಬಿಟ್ಟದ್ದೇ ವಾಸಿ. ಕೋಣೆ ಕೆಳಗಿನದೋ ಮಹಡಿಯದೋ? ಬಟ್ಟೆ ಒಣಗಿಸುವ ಹಗ್ಗ ಮಾಡಿನ ಕೆಳಗೆ ಕಟ್ಟಬಹುದೇ? ಫ್ಯಾನ್ ಸೀಲಿಂಗಿನದೋ ಗೋಡೆಯದೋ? ಕೊನೆಯ ಪ್ರಶ್ನೆಗೆ ನಗುತ್ತಾರೆ, ನಗಲಿ. ಒದ್ದೆ ಗ್ಲೌಸ್, ಹೆಲ್ಮೆಟ್ ಒಳಪದರ ಒಣಗುವುದು ಫ್ಯಾನಿನಡಿಯಲ್ಲೇ ಹೊರತು ಏಸಿಯಲ್ಲಿ ಅಲ್ಲ. ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಡುವ ಮನೆ ಯಾವುದೋ ಅದೇ ಒಳ್ಳೆಯ ಮನೆ.

ಇನ್ನು ಬೈಕು. ಬಿಡುವು ಸಿಕ್ಕ ದಿನ ಯಾಣ, ಮಿರ್ಜಾನ್ ಕೋಟೆ, ವಿಭೂತಿ ಜಲಪಾತ ಎಂದು ಮತ್ತೆ ನೂರು ಕಿಲೋಮೀಟರ್ ಸುತ್ತುವವರಿದ್ದಾರೆ. ಅದು ಬೇರೆ ಪ್ರವಾಸ. ಅವತ್ತು ಬೈಕ್ ಅಂಗಳ ದಾಟಬಾರದು. ಕೆಲಸ ಎರಡು ಗಂಟೆಯದು, ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಸಬೇಕು.

ಕರಾವಳಿಯಲ್ಲಿ ಬೈಕಿಗೆ ಮೊದಲ ಶತ್ರು ಧೂಳಲ್ಲ, ಉಪ್ಪು. ಹೆದ್ದಾರಿ ಅಲ್ಲಲ್ಲಿ ಸಮುದ್ರಕ್ಕೆ ತಾಗಿಕೊಂಡೇ ಹೋಗುತ್ತದೆ. ಗಾಳಿಯಲ್ಲಿ ಬಂದ ಉಪ್ಪು ಲೋಹದ ಮೇಲೆ ಕೂತು ತೇವವನ್ನು ಹೀರಿಕೊಳ್ಳುತ್ತದೆ, ಒಣಗಲು ಬಿಡುವುದಿಲ್ಲ. ಎರಡು ರಾತ್ರಿ ಕಳೆದ ಚೈನಿನ ಪಕ್ಕದ ಪಟ್ಟಿಗಳನ್ನು ಬೆರಳಿನಿಂದ ಸವರಿ ನೋಡಿ. ಒರಟೊರಟಾಗಿ ಬಿಳಿ ಪುಡಿ ಹತ್ತುತ್ತದೆ, ಅದರ ಕೆಳಗೆ ಕೆಂಪು ಚುಕ್ಕಿ ಆಗಲೇ ಶುರುವಾಗಿರುತ್ತದೆ. ಸ್ಪೋಕ್ ನಿಪ್ಪಲ್, ಸೈಲೆನ್ಸರ್ ಬೋಲ್ಟ್, ಲಗೇಜ್ ಕ್ಯಾರಿಯರ್‌ನ ವೆಲ್ಡಿಂಗ್ ಜಾಗ, ಬ್ಯಾಟರಿ ಟರ್ಮಿನಲ್, ಇವೂ ಅದೇ ಪಾಡಿನವು.

ತೊಳೆಯಲು ಪ್ರೆಶರ್ ವಾಶ್ ಬೇಕಿಲ್ಲ. ಅದರ ನೀರು ಚೈನಿನ ಕೊಂಡಿಗಳಲ್ಲಿರುವ ರಬ್ಬರ್ ಬಳೆ (ಓ-ರಿಂಗ್), ಚಕ್ರದ ಬೇರಿಂಗ್, ಹ್ಯಾಂಡಲ್ ಕೆಳಗಿನ ಬೇರಿಂಗ್, ವೈರಿನ ಕಪ್ಲಿಂಗ್ ಒಳಗೆ ನುಗ್ಗುತ್ತದೆ. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಲಿ. ಮೊದಲು ಬರೀ ನೀರನ್ನು ಚೊಂಬಿನಲ್ಲಿ ಮೇಲಿನಿಂದ ಸುರಿದು ಉಪ್ಪು, ಮರಳು ಹೋಗಲು ಬಿಡಿ. ಇದನ್ನು ಬಿಟ್ಟು ಒಮ್ಮೆಗೇ ಬಟ್ಟೆ ಹಾಕಿ ಉಜ್ಜಿದರೆ ಟ್ಯಾಂಕಿನ ಮೇಲೆ ಗೀರು ಗ್ಯಾರಂಟಿ. ಆಮೇಲೆ ಒಂದು ಬಕೆಟ್‌ನಲ್ಲಿ ಬೈಕ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಚಕ್ರ, ಮಡ್‌ಗಾರ್ಡ್ ಒಳಭಾಗ, ರೇಡಿಯೇಟರ್ ಇದ್ದರೆ ಅದರ ಮುಂದಿನ ಜಾಲರಿ ಕೊನೆಗೆ.

ಚೈನಿಗೆ ಇಬ್ಬರೂ ಬೇಕು. ಒಬ್ಬರು ಹಿಂದಿನ ಚಕ್ರ ತಿರುಗಿಸುವುದು, ಇನ್ನೊಬ್ಬರು ಬ್ರಷ್ ಹಿಡಿಯುವುದು. ಇಪ್ಪತ್ತು ನಿಮಿಷದ ಕೆಲಸ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಒಂದೊಂದು ಗೇಣು ಹಿಂದಕ್ಕೆ ತಳ್ಳುತ್ತಾ ಹೋಗಬೇಕು. ಗೇರ್ ಹಾಕಿ ಎಂಜಿನ್ ಓಡಿಸಿ ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಕೆಲಸ ಮಾತ್ರ ಯಾವತ್ತೂ ಬೇಡ. ಬಟ್ಟೆ ಚೈನ್ ಕೂರುವ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್‌ಗೆ) ಸಿಕ್ಕರೆ ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಬೆರಳ ತುದಿ ಕಳೆದುಕೊಂಡ ಮೆಕ್ಯಾನಿಕ್‌ಗಳು ಇದೇ ಪಾಠ ಹೇಳುತ್ತಾರೆ.

ಶುಚಿ ಮಾಡಲು ಮೋಟುಲ್ ಸಿ1ನಂಥ ಚೈನ್ ಕ್ಲೀನರ್ ಡಬ್ಬಿ ಇದ್ದರೆ ಸರಿ. ಇಲ್ಲದಿದ್ದರೆ ಸೀಮೆಎಣ್ಣೆ, ಅದೂ ಸಿಗದಿದ್ದರೆ ಕಾಲು ಲೀಟರ್ ಡೀಸೆಲ್. ಡೀಸೆಲ್ ಜಿಡ್ಡು ಉಳಿಸುತ್ತದೆ, ಒಣಬಟ್ಟೆಯಲ್ಲಿ ಎರಡು ಸಲ ಒರೆಸಬೇಕು. ಪೆಟ್ರೋಲ್ ಬೇಡ, ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕಬ್ಬಿಣದ ತಂತಿಯ ಬ್ರಷ್ಷೂ ಬೇಡ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಲ್ಯೂಬ್ ಹಾಕಬೇಕಾದ್ದು ಚೈನಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ ಹಲ್ಲು ತಾಗುವ ಕಡೆಗೆ. ಚಕ್ರ ತಿರುಗುವಾಗ ಎಣ್ಣೆ ತಾನಾಗಿ ಹೊರಕ್ಕೆ ಬರುತ್ತದೆ. ಹೊರಮೈಗೆ ಸುರಿದದ್ದು ಮುಂದಿನ ಹತ್ತು ಕಿಲೋಮೀಟರಿನಲ್ಲಿ ಹೆಂಡತಿಯ ಪ್ಯಾಂಟಿನ ಮೇಲಿರುತ್ತದೆ. ಸ್ಪ್ರೇ ಡಬ್ಬಿಯ ಬದಲು 90 ನಂಬರಿನ ಗೇರ್ ಆಯಿಲ್ ಬಟ್ಟೆಯಲ್ಲಿ ಅದ್ದಿ ಸವರಿದರೂ ನಡೆಯುತ್ತದೆ. ಅಗ್ಗ, ಆದರೆ ಬೇಗ ಸಿಡಿದು ಹೋಗುತ್ತದೆ. ಒಣ ರಸ್ತೆಯಲ್ಲಿ 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ 300ಕ್ಕೇ ಮತ್ತೆ ಹಾಕಬೇಕು. ಈ ಕೆಲಸ ಬಿಡುವಿನ ದಿನವೇ ಮುಗಿದರೆ ಲ್ಯೂಬ್ ರಾತ್ರಿಯಿಡೀ ಇಂಗುತ್ತದೆ. ಹೊರಡುವ ಬೆಳಿಗ್ಗೆ ಹಾಕಿ ಹತ್ತೇ ನಿಮಿಷದಲ್ಲಿ ಹೊರಟರೆ ಅರ್ಧ ಎಣ್ಣೆ ಟೈರಿಗೆ.

ಚೈನಿನ ಸಡಿಲ ನೋಡುವುದರಲ್ಲಿ ಜೋಡಿಯಾಗಿ ಹೋಗುವವರು ಮಾಡುವ ತಪ್ಪು ಒಂದಿದೆ. ಚೈನ್ ಕಟಕಟ ಎನ್ನುತ್ತಿದೆ ಎಂದು ಒಬ್ಬಂಟಿ ಸವಾರನ ಹಾಗೆ ಬಿಗಿ ಮಾಡಿಬಿಡುತ್ತಾರೆ. ಹಿಂದೆ ಒಬ್ಬರು ಕೂತು, ಲಗೇಜ್ ಏರಿದಾಗ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ಮೇಲಕ್ಕೆ ಬಂದು ಚೈನ್ ಇನ್ನಷ್ಟು ಬಿಗಿಯುತ್ತದೆ. ಆ ಎಳೆತವೆಲ್ಲ ಗೇರ್‌ಬಾಕ್ಸ್‌ನ ಹೊರಗಿನ ಬೇರಿಂಗ್ ಮೇಲೆ, ಹಿಂದಿನ ಚಕ್ರದ ಬೇರಿಂಗ್ ಮೇಲೆ. ಚೈನನ್ನು ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಹೆಚ್ಚಿನ ಬೈಕುಗಳಿಗೆ 25ರಿಂದ 35 ಮಿಲಿಮೀಟರ್ ಆಟ ಇರಬೇಕು, ಎತ್ತರದ ಅಡ್ವೆಂಚರ್ ಬೈಕುಗಳಿಗೆ ಇನ್ನೂ ಹೆಚ್ಚು. ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್ ಏನು ಹೇಳುತ್ತದೋ ಅದೇ ಅಂತಿಮ. ಚಕ್ರ ತಿರುಗಿಸುತ್ತಾ ಮೂರ್ನಾಲ್ಕು ಕಡೆ ಅಳೆಯಿರಿ, ಎಲ್ಲಿ ಅತಿ ಬಿಗಿ ಇದೆಯೋ ಆ ಜಾಗಕ್ಕೆ ಸರಿ ಮಾಡಿ. ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್ ಕಾಲು ಸುತ್ತಿನಷ್ಟೇ ತಿರುಗಿಸಿ, ಗುರುತು ಎರಡೂ ಬದಿ ಸಮ ಇದೆಯೇ ನೋಡಿ. ಬಿಗಿ ಮಾಡುವ ಮೊದಲು ಹಿಂದಿನ ಸ್ಪ್ರಾಕೆಟ್ ಮತ್ತು ಚೈನಿನ ನಡುವೆ ಮಡಿಚಿದ ಬಟ್ಟೆಯೊಂದನ್ನು ಕೊಟ್ಟು ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರ್‌ಗೆ ಒತ್ತಿ ಕೂರುತ್ತದೆ, ನಟ್ ಬಿಗಿಯುವಾಗ ಚಕ್ರ ಜಾರುವುದಿಲ್ಲ. ಆ ನಟ್ಟಿನ ಸ್ಪ್ಯಾನರ್ ಅಳತೆ ಮನೆಯಲ್ಲೇ ನೋಡಿಕೊಂಡಿರಬೇಕು. ಕಂಪನಿ ಕೊಡುವ ಟೂಲ್‌ಕಿಟ್‌ನಲ್ಲಿ ಅದು ಇರುತ್ತದೆ ಎಂಬ ಭರವಸೆ ಬೇಡ.

ಹಾಗೆಯೇ ಬ್ರೇಕ್ ಪ್ಯಾಡ್. ಗುರುತಿನ ಗೀರು ಮಾಸಿದ್ದರೆ ಅಥವಾ 2 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಇಲ್ಲಿಯೇ ನಿರ್ಧಾರ ತೆಗೆದುಕೊಳ್ಳಿ, ಮುಂದೆ ಘಟ್ಟ ಇದೆ. ಗೋಕರ್ಣದ ಗ್ಯಾರೇಜುಗಳ ಕೈ ಪಳಗಿರುವುದು ಬಾಡಿಗೆ ಸ್ಕೂಟರುಗಳ ಮೇಲೆ. ಪಂಕ್ಚರ್, ಕೇಬಲ್, ಬಲ್ಬ್ ಮಟ್ಟಿಗೆ ಅವರನ್ನು ನಂಬಬಹುದು. ಕಂಪನಿಯ ಬಿಡಿಭಾಗ ಬೇಕಾದರೆ ಕುಮಟಾ ಅಥವಾ ಕಾರವಾರಕ್ಕೆ ಮೊದಲೇ ಫೋನ್ ಮಾಡಿ, ಸಾಮಾನು ಇದೆ ಎಂದರಷ್ಟೇ ಹೋಗಿ. ರಾಯಲ್ ಎನ್‌ಫೀಲ್ಡ್ ಕಂಪನಿಯ 411 ಸಿಸಿ ಹಿಮಾಲಯನ್ ಬೈಕಿನ 21 ಇಂಚಿನ ಮುಂದಿನ ಟ್ಯೂಬು ಇಂಥ ಊರುಗಳಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳಬಾರದು, ಒಂದು ಚೀಲದಲ್ಲಿರಲಿ. ಗತಿಯಿಲ್ಲದಾಗ ಅದೇ ಟ್ಯೂಬನ್ನು ಹಿಂದಿನ 17 ಇಂಚಿನ ಟೈರಿಗೂ ತುರುಕಿ ಮುಂದಿನ ಊರಿನವರೆಗೆ ನಿಧಾನಕ್ಕೆ ಹೋಗಬಹುದು.

ಇಬ್ಬರು ಕೂತಾಗ ಬೈಕಿನ ಹಿಂಭಾಗ ಕುಗ್ಗಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಂಗಳದ ಗೋಡೆಗೆ ಬೆಳಕು ಬಿಟ್ಟು ಇಬ್ಬರೂ ಕೂತು ನೋಡಿ, ಸ್ಕ್ರೂ ತಿರುಗಿಸಿ ಇಳಿಸಿ. ಹಿಂದಿನ ಸಸ್ಪೆನ್ಷನ್ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಒಂದೆರಡು ಹಂತ ಏರಿಸಿದರೆ ಸೊಂಟಕ್ಕೂ ಬೆಳಕಿಗೂ ಒಳ್ಳೆಯದು. ಸೈಡ್ ಸ್ಟ್ಯಾಂಡ್ ಕೆಳಗೆ ಹಲಗೆಯ ತುಂಡು ಕೊಡುವುದನ್ನು ಮರೆಯಬೇಡಿ. ಇಲ್ಲಿನ ಅಂಗಳದ ಮಣ್ಣು ಮೆತ್ತಗೆ, ಹೊಯ್ಗೆ ಇನ್ನೂ ಮೆತ್ತಗೆ. ಬೀಚಿನ ಮೇಲೆ ಬೈಕ್ ಇಳಿಸಿ ಫೋಟೋ ತೆಗೆಯುವ ಆಸೆಯಿದ್ದರೆ ಈ ಮೇಲೆ ಬರೆದದ್ದೆಲ್ಲ ದಂಡ.

ಬಟ್ಟೆಬರೆಯಲ್ಲಿ ಗೋಕರ್ಣ ಸೋಲುತ್ತದೆ. ಗಾಳಿಯಲ್ಲಿ ತೇವ ಇಷ್ಟಿರುವಾಗ ಪ್ಯಾಡ್ ಹಾಕಿದ ದಪ್ಪ ಜಾಕೆಟ್ ಒಂದು ದಿನದಲ್ಲಿ ಒಣಗುವುದಿಲ್ಲ. ಒಣಗದ ಜಾಕೆಟ್ ಹಾಕಿ ಹೊರಟರೆ ಚರ್ಮ ತುರಿಸುತ್ತದೆ, ವಾಸನೆ ಬೇರೆ. ಆದ್ದರಿಂದ ಜಾಕೆಟ್ ತೊಳೆಯುವುದೇ ಬೇಡ. ಭುಜ, ಮೊಣಕೈ, ಬೆನ್ನಿನ ಪ್ಯಾಡ್ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ನೆರಳಿನ ಗಾಳಿಗೆ ನೇತುಹಾಕಿದರೆ ಸಾಕು. ತೊಳೆಯಬೇಕಾದ್ದು ಒಳ ಲೈನರ್, ಹೆಲ್ಮೆಟ್ಟಿನ ಕೆನ್ನೆಯ ಪ್ಯಾಡು, ಹೆಲ್ಮೆಟ್ ಒಳಗೆ ಹಾಕುವ ಮುಸುಕು (ಬಲಾಕ್ಲಾವಾ), ಸಾಕ್ಸ್. ತಲೆಗೆ ಹಾಕುವ ಶಾಂಪೂ ಒಂದು ಸ್ಯಾಶೆ, ಉಗುರುಬೆಚ್ಚಗಿನ ನೀರು; ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ಫ್ಯಾನಿನಡಿ ಇಡಿ. ಬೆಳಿಗ್ಗೆ ಎಂಟಕ್ಕೆ ತೊಳೆದದ್ದು ಸಂಜೆಗೆ ಒಣಗುತ್ತದೆ, ಮಳೆಗಾಲದಲ್ಲಿ ರಾತ್ರಿಯೂ ಬೇಕು. ವೈಸರ್‌ಗೆ ಅಂಟಿದ ಹುಳುಗಳನ್ನು ಉಗುರಿನಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟರೆ ತಾವಾಗಿ ಬಿಡುತ್ತವೆ. ಕಿಟಕಿ ಗಾಜು ಒರೆಸುವ ದ್ರಾವಣ ಮಂಜು ತಡೆಯುವ ಲೇಪವನ್ನು ತಿನ್ನುತ್ತದೆ. ಒದ್ದೆ ಬೂಟಿಗೆ ಹಳೆಯ ಪೇಪರ್ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿ, ಬಿಸಿಲಿಗಿಟ್ಟರೆ ಚರ್ಮ ಸೆಟೆದುಕೊಳ್ಳುತ್ತದೆ. ಉಳಿದ ಬಟ್ಟೆ ಲಾಂಡ್ರಿಗೆ ಕೊಡುವುದಾದರೆ ಬಂದಿಳಿದ ಸಂಜೆಯೇ ಕೊಡಿ. "ನಾಳೆ ಸಂಜೆ ಕೊಡ್ತೇವೆ" ಎನ್ನುವುದು ಮಳೆ ಬಂದರೆ ನಾಡಿದ್ದು ಆಗುತ್ತದೆ.

ಒಂದು ಪಂಚೆ ಚೀಲದಲ್ಲಿದ್ದರೆ ದೊಡ್ಡ ಅನುಕೂಲ. ಹೊದೆಯಲು, ಒರೆಸಿಕೊಳ್ಳಲು, ಸೀಟಿನ ಮೇಲೆ ಹಾಸಲು ಆಗುತ್ತದೆ, ಬೇಗ ಒಣಗುತ್ತದೆ. ಮಹಾಬಲೇಶ್ವರ ದೇವಸ್ಥಾನಕ್ಕೆ ಗಂಡಸರು ಅಂಗಿ ಕಳಚಿ ಪಂಚೆಯಲ್ಲೇ ಹೋಗಬೇಕು, ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೈಕಿನ ಕೆಲಸ ಮುಗಿಸಿ ಸ್ನಾನ ಮಾಡಿ ಹೋಗುವ ಹೊತ್ತಿಗೆ ಸರಿಯಾಗುತ್ತದೆ. ದೇವಸ್ಥಾನ, ರಥಬೀದಿಯ ದೊಡ್ಡ ತೇರು, ಕೋಟಿತೀರ್ಥ, ಮುಖ್ಯ ಕಡಲತೀರ ಎಲ್ಲವೂ ನಡೆದೇ ಮುಗಿಯುವ ದೂರ. ಗೋಕರ್ಣ ಪೇಟೆಗೆ ಹೆಚ್ಚು ಅಂಕ ಕೊಡಲು ಇದೂ ಒಂದು ಕಾರಣ: ಮೂರು ದಿನ ಕೂತು ಬಂದ ಮೈಗೆ ಬೇಕಾದ್ದು ಮಲಗುವುದಲ್ಲ, ನಿಧಾನವಾಗಿ ನಡೆಯುವುದು.

ಇಬ್ಬರ ಆಯಾಸ ಒಂದೇ ಥರದ್ದಲ್ಲ. ಓಡಿಸುವವರಿಗೆ ಮಣಿಕಟ್ಟು, ಭುಜ, ಕಣ್ಣು. ಹಿಂದೆ ಕೂತವರಿಗೆ ಬಾಲಮೂಳೆ, ತೊಡೆ, ಗಾಳಿಗೆ ಹೆಲ್ಮೆಟ್ ಅಲುಗಿ ಅಲುಗಿ ಕುತ್ತಿಗೆ. ಬ್ರೇಕ್ ಯಾವಾಗ ಹಾಕುತ್ತಾರೆಂದು ಹಿಂದಿನವರಿಗೆ ಗೊತ್ತಿರುವುದಿಲ್ಲ, ಮೈಯೆಲ್ಲ ಬಿಗಿ ಹಿಡಿದೇ ಕೂತಿರುತ್ತಾರೆ. ಮುಂದಿನ ದಿನದ ದೂರ ಎಷ್ಟಿರಬೇಕು ಎಂಬುದನ್ನು ಹಿಂದೆ ಕೂರುವವರೇ ಹೇಳಲಿ. ಟೇಲ್ ಬ್ಯಾಗನ್ನು ಒಂದೆರಡು ಇಂಚು ಮುಂದೆ ಸರಿಸಿ ಬೆನ್ನಿಗೆ ಆನಿಸುವ ಹಾಗೆ ಕಟ್ಟುವುದು, ಸೀಟಿಗೆ ಜೆಲ್ ಪ್ಯಾಡ್ ಹಾಕುವುದು, ಇಂಥದ್ದನ್ನೆಲ್ಲ ಇಬ್ಬರೂ ಕೂತು ನೋಡಲು ಬಿಡುವಿನ ದಿನವೇ ಸರಿ. ಚೈನಿನ ಇಪ್ಪತ್ತು ನಿಮಿಷ, ಹೆಡ್‌ಲೈಟು ಸರಿಮಾಡುವ ಹೊತ್ತು ಬಿಟ್ಟರೆ ಉಳಿದ ಬೈಕಿನ ಕೆಲಸಕ್ಕೆ ಇಬ್ಬರೂ ಬೇಕಿಲ್ಲ, ಒಬ್ಬರು ನಿದ್ದೆ ಮಾಡಲಿ.

ಊಟದಲ್ಲಿ ಉತ್ತರ ಕನ್ನಡಕ್ಕೆ ಸಾಟಿಯಿಲ್ಲ, ಆದರೆ ಬೀಚಿನ ಮೆನುವಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಪಾಸ್ತಾ, ಪ್ಯಾನ್‌ಕೇಕ್, ಹಮ್ಮಸ್. ಪೇಟೆಯ ಹೋಟೆಲಿನಲ್ಲಿ ಬೆಳಿಗ್ಗೆ ಬನ್ಸ್, ಅವಲಕ್ಕಿ ಕೇಳಿ. ಮನೆಯವರೇ ಊಟ ಹಾಕುವ ಹೋಮ್‌ಸ್ಟೇ ಆದರೆ ತಂಬುಳಿ, ಅಪ್ಪೆಹುಳಿ ಮಾಡಿಕೊಡಲು ಹಿಂದಿನ ದಿನವೇ ಹೇಳಿಡಿ. ಬಿಸಿಲಲ್ಲಿ ಬೆಂದು ಬಂದವರ ಹೊಟ್ಟೆಗೆ ಅಷ್ಟು ಹಿತವಾದದ್ದು ಇನ್ನೊಂದಿಲ್ಲ. ಮೀನೂಟ ಬೇಕಾದವರು ರಥಬೀದಿಯಲ್ಲಿ ಹುಡುಕಬೇಡಿ, ಬಸ್ ನಿಲ್ದಾಣದ ಆಚೆಗೆ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಇಸ್ವಾಣ (ಅಂಜಲ್ ಮೀನು) ಫ್ರೈ ಎಂದರೆ ಐಸಿನಲ್ಲಿಟ್ಟದ್ದು ಎಂದೇ ತಿಳಿಯಿರಿ. ಪುಡಿ ಓಆರ್‌ಎಸ್ ಕಲಸುವಾಗ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿಲಿ ನೀರು; ದೊಡ್ಡದನ್ನು ಒಂದು ಲೋಟಕ್ಕೆ ಸುರಿದು ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚುತ್ತದೆ.

ಸಮುದ್ರಕ್ಕೆ ಸಂಜೆ ಹೋಗಿ. ಓಂ ಬೀಚಿಗೆ ಆಟೋ ಹಿಡಿಯಿರಿ, ತೊಳೆದ ಬೈಕನ್ನು ಅಲ್ಲಿಗೆ ಒಯ್ಯಬೇಡಿ. ಬಂಡೆಗಳ ಹತ್ತಿರ ಸೆಳೆತ ಜೋರು. ಮಳೆಗಾಲದಲ್ಲಿ ನೀರಿಗೆ ಇಳಿಯುವ ಮಾತೇ ಇಲ್ಲ. ಜೀವರಕ್ಷಕರು ಸೀಟಿ ಊದಿದರೆ ಆಚೆ ಬನ್ನಿ.

ಮುಂದಿನ ದಾರಿಯನ್ನು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಬೇಕು, ಮಳೆಗಾಲದಲ್ಲಂತೂ ಕಡ್ಡಾಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಅದೇ ವರ್ಷ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಶಿರಸಿಗೆ ದೇವಿಮನೆ ಘಟ್ಟ, ಯಲ್ಲಾಪುರಕ್ಕೆ ಅರಬೈಲ್ ಘಟ್ಟ, ಜೋಗದ ಕಡೆಗೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ. ಜೋರು ಮಳೆ ಬಿದ್ದ ಮರುದಿನ ಯಾವುದು ತೆರೆದಿದೆ ಎಂದು ಮೊಬೈಲ್ ನಕ್ಷೆಗಿಂತ ಬಸ್ ನಿಲ್ದಾಣದ ಕಂಟ್ರೋಲರ್‌ಗೆ ಮೊದಲು ಗೊತ್ತಿರುತ್ತದೆ, ಅಲ್ಲೇ ಕೇಳಿ.

ಹೊರಡುವ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ, ಲಗೇಜ್ ಕಟ್ಟುವ ಮೊದಲು, ನಿಮ್ಮದೇ ಗೇಜಿನಲ್ಲಿ ಗಾಳಿ ನೋಡಿ. ಹಿಂದೆ ಜನ ಕೂರುವ ಲೆಕ್ಕದ ಅಂಕಿ ಸ್ಟಿಕರ್‌ನಲ್ಲಿ ಬೇರೆಯೇ ಇರುತ್ತದೆ. ಬೈಕ್ ತೊಳೆದಿರುವುದರಿಂದ ಅಂಗಳದಲ್ಲೇ ಎರಡು ಸಲ ಬ್ರೇಕ್ ಒತ್ತಿ ಹಿಡಿಯುತ್ತದೆಯೇ ನೋಡಿ. ತೇವ ಹೀರಿದ ನೈಲಾನ್ ಬೆಲ್ಟು ಒಂದಿಷ್ಟು ಹಿಗ್ಗುತ್ತದೆ. ಆದ್ದರಿಂದ ಅಂಕೋಲಾ ಅಥವಾ ಕುಮಟಾದ ಮೊದಲ ಚಹಾಕ್ಕೆ ನಿಂತಾಗ ಬಕಲ್‌ಗಳನ್ನು ಇನ್ನೊಮ್ಮೆ ಎಳೆದು, ಬೆಲ್ಟಿನ ತುದಿ ಸೈಲೆನ್ಸರ್‌ಗೆ ತಾಗದ ಹಾಗೆ ಒಳಗೆ ಸಿಕ್ಕಿಸಿ, ಆಕ್ಸಲ್ ನಟ್ ಮೇಲೊಮ್ಮೆ ಸ್ಪ್ಯಾನರ್ ಇಟ್ಟು ನೋಡಿ.